ಕೆಳಗಿನ ರೊಟ್ಟಿಯ ಅಂಚು

ಅಕ್ಕನ ಎಡಗೈ ಮಣಿಕಟ್ಟಿನ ಮೇಲೆ ಪಟ್ಟಿ ಇಟ್ಟು ಎಳೆದಂಥ ಒಂದು ಸುಟ್ಟ ಗೆರೆ ಇತ್ತು. ಎರಡು ಬೆರಳಿನಷ್ಟು ಉದ್ದ, ದಾರದಷ್ಟು ಸಣ್ಣ. ವಾಚಿನ ಬೆಲ್ಟು ಅದನ್ನು ಅರ್ಧ ಮಾತ್ರ ಮುಚ್ಚುತ್ತಿತ್ತು. ಚರ್ಚಿನಲ್ಲಿ ಹೊಸಬರು ಯಾರಾದರೂ ಕೈ ಕುಲುಕುವಾಗ ಅದನ್ನು ನೋಡಿ ಕೇಳಿದರೆ, "ಅದು ನಮ್ಮ ಮಷೀನಿನ ಸಹಿ ರೀ" ಅನ್ನುತ್ತಿದ್ದಳು. ಅದೇ ಮುಂಗೈ ಮೇಲೆ ಒಂದು ಕೂದಲೂ ಉಳಿದಿರಲಿಲ್ಲ. ವರ್ಷಗಟ್ಟಲೆ ಬಿಸಿಗಾಳಿ ತಾಗಿ ತಾಗಿ ಆ ತೊಗಲು ಗಾಜಿನಂತೆ ನುಣುಪಾಗಿತ್ತು.

ಅಕ್ಕ ಸಾಮಾನುಗಳಿಗೆ ಪ್ಲಾಸ್ಟಿಕ್ ಹಾಳೆ ಬಿಗಿಯುವ ಕೆಲಸ ಮಾಡುತ್ತಿದ್ದಳು. ಅಂಗಡಿಯಲ್ಲಿ ಮೂರು ಸಾಬೂನು ಕೂಡಿಸಿ, ಮೇಲೆ ತೆಳ್ಳನೆಯ ಹೊಳೆಯುವ ಹಾಳೆ ಬಿಗಿದಿರುತ್ತಾರಲ್ಲ, ಅದು. ಡಜನ್ ನೋಟ್‌ಬುಕ್ಕು, ಊದಿನಕಡ್ಡಿ ಪೆಟ್ಟಿಗೆ, ಚಮಚದ ಸೆಟ್ಟು, ಏನು ಬಂದರೂ ಹಳೇ ಹುಬ್ಬಳ್ಳಿಯ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಬಿಗಿದುಕೊಡುತ್ತಿದ್ದಳು. ಮೊದಲು ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದಳು. ಅದು ಮುಚ್ಚಿದಾಗ ಅಲ್ಲಿಯ ಹಳೆಯ ಸೀಲಿಂಗ್ ಮಷೀನನ್ನು ತಾನೇ ಆಟೋದಲ್ಲಿ ಮನೆಗೆ ತಂದಳು. ಅದು ಬಾಗಿಲೊಳಗೆ ಹಿಡಿಸಲಿಲ್ಲ. ಬಾಗಿಲ ಚೌಕಟ್ಟನ್ನೇ ಅರ್ಧ ದಿನ ಬಿಚ್ಚಿ ಇಟ್ಟೆವು.

ಅವ್ವ ತೀರಿಕೊಂಡಾಗ ನನಗೆ ಎಂಟು ವರ್ಷ, ಅಕ್ಕನಿಗೆ ಇಪ್ಪತ್ತು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದ. ಅಕ್ಕ ಮದುವೆ ಆಗಲಿಲ್ಲ, ಯಾಕೆ ಅಂತ ನಾನೂ ಕೇಳಲಿಲ್ಲ. ನಾನು ಆರನೇ ಇಯತ್ತೆಗೆ ಸಾಲಿ ಬಿಟ್ಟೆ. ಅಕ್ಕ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ, "ಸಾಲಿ ಬಿಟ್ಟರ ಬಿಡು, ಕೇಳೋದು ಬಿಡಬ್ಯಾಡ" ಅಂದಳು. ಕೇಳುವುದು ಅಂದರೆ ಪ್ರಶ್ನೆ ಕೇಳುವುದು. ಅವಳಿಗೆ ಅದೊಂದು ಚಟ. ನಾನು ಈಗ ಬರೆಯುತ್ತಿರುವ ಇಷ್ಟನ್ನೂ ಅವಳ ಪಕ್ಕದಲ್ಲಿ ಕೂತು ಕಲಿತದ್ದು.

ಆ ಕೆಲಸ ನೋಡಲು ಸೊಗಸಾಗಿರುತ್ತಿತ್ತು. ಹಾಳೆಯ ರೋಲು ನಡುವೆ ಮಡಚಿದ ಸೀರೆಯಂತೆ ಎರಡು ಪದರಾಗಿ ಬರುತ್ತದೆ, ಒಂದು ಬದಿ ತೆರೆದಿರುತ್ತದೆ. ಸಾಮಾನನ್ನು ಆ ಪದರುಗಳ ನಡುವೆ ಸರಿಸಬೇಕು. ಮೇಲಿನಿಂದ ಮಷೀನಿನ ತೋಳು ಒತ್ತಿದರೆ ಕಾದ ತಂತಿ ಎರಡು ಬದಿಯನ್ನು ಒಟ್ಟಿಗೇ ಅಂಟಿಸಿ ಕತ್ತರಿಸುತ್ತದೆ. ಅಕ್ಕನ ಮಣಿಕಟ್ಟಿಗೆ ಸಹಿ ಹಾಕಿದ್ದು ಆ ತಂತಿಯೇ. ಆಗ ಸಾಮಾನು ದೊಡ್ಡವರ ಅಂಗಿ ಹಾಕಿಕೊಂಡ ಕೂಸಿನಂತೆ ಕಾಣುತ್ತದೆ, ಎಲ್ಲ ಕಡೆ ಸಡಿಲ. ಆಮೇಲೆ ಬಿಸಿಗಾಳಿ ಉಗುಳುವ ಗನ್ನನ್ನು ಒಂದು ಗೇಣು ದೂರದಿಂದ ಆಡಿಸಬೇಕು. ಮೊದಲು ತಳ, ಆಮೇಲೆ ಬದಿಗಳು, ಕೊನೆಗೆ ಮೇಲ್ಮೈ. ಗನ್ನು ಒಂದೇ ಕಡೆ ನಿಂತರೆ ಹಾಳೆ ಬಾಯಿ ಬಿಡುತ್ತದೆ. ಬಿಸಿ ಕಡಿಮೆಯಾದರೆ ಮೂಲೆಗಳಲ್ಲಿ ಮೊಲದ ಕಿವಿಯಂತೆ ಎದ್ದು ನಿಲ್ಲುತ್ತದೆ. ಸರಿಯಾಗಿ ಬಿದ್ದರೆ, ಕಣ್ಣು ಮಿಟುಕಿಸುವುದರೊಳಗೆ ನೆರಿಗೆ ಎಲ್ಲ ಓಡಿಹೋಗಿ ಹಾಳೆ ಸಾಮಾನಿನ ಮೈಯೇ ಆಗಿಬಿಡುತ್ತದೆ. ನಾನು ಸಾವಿರ ಸಲ ನೋಡಿದ್ದೇನೆ. ಇವತ್ತಿಗೂ ಆ ಕ್ಷಣದಲ್ಲಿ ಉಸಿರು ಹಿಡಿಯುತ್ತೇನೆ.

ಇದು ಯಾಕೆ ಕುಗ್ಗುತ್ತದೆ ಅನ್ನುವುದು ಅಕ್ಕನನ್ನು ಬಹಳ ಕಾಡಿತು. ಬೇರೆ ಪ್ಲಾಸ್ಟಿಕ್ಕು ಬಿಸಿಗೆ ಕರಗುತ್ತದೆ, ಇದು ಮಾತ್ರ ಓಡಿ ಬಂದು ಅಪ್ಪಿಕೊಳ್ಳುತ್ತದೆ ಯಾಕೆ? ರೋಲು ತಂದುಕೊಡುವ ಮನುಷ್ಯನನ್ನು ಕೂರಿಸಿ, ಚಹಾ ಕೊಟ್ಟು ಕೇಳಿದಳು. ಕಾರ್ಖಾನೆಯಲ್ಲಿ ಅದನ್ನು ಬಿಸಿ ಮಾಡಿ ನಾಲ್ಕೂ ಕಡೆ ಎಳೆಯುತ್ತಾರೆ, ಎಳೆದು ಹಿಡಿದಿರುವಾಗಲೇ ತಣ್ಣಗೆ ಮಾಡುತ್ತಾರೆ, ಅದು ಹಾಗೆಯೇ ಸೆಟೆದು ನಿಂತುಬಿಡುತ್ತದೆ, ಮತ್ತೆ ಬಿಸಿ ತಾಗಿದಾಗ ಮೊದಲಿನ ಅಳತೆಗೆ ಓಡುತ್ತದೆ ಅಂತ ಅವನು ಹೇಳಿದ. ಅಕ್ಕ ಕೇಳಿಕೊಂಡಳು. ಅವನು ಹೋದ ಮೇಲೆ, "ಹೇಳಿದ್ದು ಖರೇನೋ ಏನೋ, ನೋಡೇ ಬಿಡೂಣು" ಅಂದಳು.

ಸ್ಕೆಚ್ ಪೆನ್ನಿನಿಂದ ಹಾಳೆಯ ಮೇಲೆ ಅಂಗೈ ಅಗಲದ ಒಂದು ಚೌಕ ಬರೆದಳು. ಬಿಸಿ ತೋರಿಸಿದಳು. ಚೌಕ ಚೌಕವಾಗಿಯೇ ಉಳಿದು ಅರ್ಧಕ್ಕಿಂತ ಸಣ್ಣದಾಯಿತು, ಬಣ್ಣ ಮಾತ್ರ ಮೊದಲಿಗಿಂತ ದಟ್ಟವಾಯಿತು. ಆಮೇಲೆ ನೀರಿನ ಬಾಟಲಿಯ ಮುಚ್ಚಳಕ್ಕೆ ತೊಡಿಸುವ ಹಾಳೆ ತಂದು ಅದರ ಮೇಲೂ ಚೌಕ ಬರೆದಳು. ಅದು ಅಗಲವನ್ನಷ್ಟೇ ಕಳೆದುಕೊಂಡು ಎತ್ತರದಲ್ಲಿ ಹೆಚ್ಚುಕಡಿಮೆ ಹಾಗೇ ನಿಂತಿತು. "ಇದನ್ನ ಒಂದ ಕಡೆ ಎಳದಾರ" ಅಂತ ಖುಷಿಯಿಂದ ತೊಡೆ ತಟ್ಟಿಕೊಂಡಳು. ಕೊನೆಗೆ ದೊಡ್ಡ ಅಕ್ಷರದಲ್ಲಿ ನನ್ನ ಹೆಸರು ಬರೆದು ಕುಗ್ಗಿಸಿಕೊಟ್ಟಳು. ಕಿರುಬೆರಳ ಉಗುರಿನಷ್ಟು ಜಾಗದಲ್ಲಿ ನನ್ನ ಹೆಸರು, ಒತ್ತಕ್ಷರ ಸಮೇತ. ಅದನ್ನು ನನ್ನ ಬೈಬಲ್ಲಿನೊಳಗೆ ಇಟ್ಟುಕೊಂಡಿದ್ದೇನೆ.

ಸುಮ್ಮನೆ ಕೂರುವ ಹೊತ್ತಿನಲ್ಲಿ ಅಕ್ಕ ಕೈಗೆ ಸಿಕ್ಕದ್ದಕ್ಕೆಲ್ಲ ಹಾಳೆ ಬಿಗಿಯುತ್ತಿದ್ದಳು. ಬಾಚಣಿಗೆ, ನಿಂಬೆಹಣ್ಣು, ನನ್ನ ಒಂದು ಚಪ್ಪಲಿ. ಒಂದು ದಿನ ಮುಳ್ಳು ತೊಟ್ಟಿನ ಎಳೆ ಬದನೆಕಾಯಿಗೆ ಬಿಗಿದು ಕಿಟಕಿಯಲ್ಲಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಹಾಳೆಯ ಒಳಮೈ ಮೇಲೆ ನೀರಿನ ಹನಿ ಕೂತಿದ್ದವು. ಮೂರನೆಯ ದಿನಕ್ಕೆ ತೊಟ್ಟಿನ ಸುತ್ತ ಬೂಸು ಬಂತು. ಅದನ್ನು ನನ್ನ ಮೂಗಿನ ಮುಂದೆ ಹಿಡಿದು ಹೇಳಿದಳು: "ನೋಡು, ಈ ಹಾಳಿಗೆ ಛಲೋದು ಕೆಟ್ಟದ್ದು ಗೊತ್ತಾಗಂಗಿಲ್ಲ. ಒಳಗಿದ್ದದ್ದನ್ನ ಹಂಗ ಹಿಡಕೊಂಡು ಕುಂದರತೈತಿ. ಒಣಾ ಇದ್ರ ಒಣಾ, ಹಸಿ ಇದ್ರ ಹಸಿ." ಆ ಮಾತು ನನಗೆ ಆವತ್ತೇ ಅರ್ಥವಾಗಿತ್ತು. ಗೊತ್ತಿರಲಿಲ್ಲ ಅನ್ನುವ ದಾರಿ ನನಗಿಲ್ಲ. ಅದಕ್ಕೇ ಇದನ್ನು ಮೊದಲೇ ಹೇಳುತ್ತಿದ್ದೇನೆ.

ರೊಟ್ಟಿಯ ಕೆಲಸ ನಮಗೆ ಬಂದದ್ದು ಧಾರವಾಡದ ಹತ್ತಿರದ ಅಮ್ಮಿನಬಾವಿ ಊರಿನಿಂದ. ಅಲ್ಲಿ ಒಬ್ಬ ಹಿರಿಯ ಹೆಣ್ಣುಮಗಳು ಓಣಿಯ ಏಳೆಂಟು ಮಂದಿಯನ್ನು ಕೂಡಿಸಿಕೊಂಡು ಕಡಕ್ ಜೋಳದ ರೊಟ್ಟಿ ಮಾಡಿಸುತ್ತಿದ್ದಳು. ನಾವು ಅವಳನ್ನು ದೊಡ್ಡವ್ವ ಅನ್ನುತ್ತಿದ್ದೆವು. ಹುಬ್ಬಳ್ಳಿ ಪೇಟೆಯ ಒಬ್ಬ ಸಾವಕಾರರು ಆ ರೊಟ್ಟಿಯನ್ನು ತಮ್ಮ ಅಂಗಡಿಯಲ್ಲಿ ಇಡುತ್ತಿದ್ದರು, ಪುಣೆ ಮುಂಬೈ ಕಡೆಗೂ ಕಳಿಸುತ್ತಿದ್ದರು. ದಾರಿಯಲ್ಲಿ ರೊಟ್ಟಿ ಪುಡಿಯಾಗುತ್ತವೆ ಅಂತ ಹಾಳೆ ಬಿಗಿಯಲು ನಮ್ಮ ಕಡೆ ಕೊಟ್ಟರು. ಅಕ್ಕ ಮೊದಲ ವಾರ ಬರೀ ಮುರಿದಳು. ಹಾಳೆ ಬಿಗಿಯುವ ಜೋರಿಗೆ ರೊಟ್ಟಿ ಒಳಗೇ ಚಟಚಟ ಒಡೆಯುತ್ತಿತ್ತು. ಮುರಿದದ್ದನ್ನೆಲ್ಲ ನಾವು ಮೂರು ಹೊತ್ತೂ ಮೊಸರು ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದೆವು. ಕೊನೆಗೆ ಹತ್ತು ರೊಟ್ಟಿಯ ಮೇಲೊಂದು ಕೆಳಗೊಂದು ದುಂಡನೆಯ ರಟ್ಟು ಇಟ್ಟು, ಗನ್ನನ್ನು ಬದಿಗಳಿಗೆ ಹೆಚ್ಚು, ಮೇಲೆ ಕಡಿಮೆ ಆಡಿಸಿ ಹದ ಕಂಡುಕೊಂಡಳು. ಒಳಗಿನ ಗಾಳಿ ಹೋಗಲು ಸೂಜಿಯಿಂದ ಎರಡೇ ತೂತು. ಬಿಗಿದ ಮೇಲೆ ಆ ತೂತಿನ ಮೇಲೆಯೇ ಸಾವಕಾರರ ಲೇಬಲ್ಲು. "ಮಂದಿ ಇದನ್ನ ಹೆಸರು ಅಂತ ತಿಳ್ಕೊಂತಾರ, ಖರೇ ಇದು ತೂತು ಮುಚ್ಚೋ ಬೂಚು" ಅಂತ ನಗುತ್ತಿದ್ದಳು. ರೊಟ್ಟಿಗೆ ಬಳಸುವ ಹಾಳೆಯ ತುಣುಕನ್ನು ಪ್ರತಿ ಹೊಸ ರೋಲಿನಿಂದ ಕತ್ತರಿಸಿ ಸುಟ್ಟು ಮೂಸುತ್ತಿದ್ದಳು. ಮೇಣಬತ್ತಿಯ ವಾಸನೆ ಬಂದರೆ ತಿನ್ನುವ ಸಾಮಾನಿಗೆ, ಮೂಗಿಗೆ ಘಾಟು ಹತ್ತಿದರೆ ಚಮಚದ ಸೆಟ್ಟಿಗೆ.

ಎಲ್ಲದಕ್ಕಿಂತ ಮೊದಲಿನ ನಿಯಮ ಇನ್ನೊಂದಿತ್ತು. ಬೆಳಗಿನ ಬಸ್ಸಿಗೆ ಬುಟ್ಟಿಯಲ್ಲಿ ಬಂದ ರೊಟ್ಟಿಯನ್ನು ಹೊರಸಿನ ಮೇಲೆ ಹರವಿ, ಅರ್ಧ ದಿನ ಫ್ಯಾನು ಹಾಕಬೇಕು. ಆಮೇಲೆ ಹತ್ತರ ಕಟ್ಟು ಮಾಡಿ, ಪ್ರತಿ ಕಟ್ಟಿನ ಕೆಳಗಿನ ರೊಟ್ಟಿಯ ಅಂಚಿನಲ್ಲಿ ಉಗುರಿನಷ್ಟು ಮುರಿದು ನೋಡಬೇಕು. ಟಕ್ ಅಂದರೆ ಬಿಗಿಯಬಹುದು. ಬಾಗಿದರೆ ಆ ಕಟ್ಟು ಪೂರ್ತಿ ಮತ್ತೆ ಸಣ್ಣ ಉರಿಯ ಹಂಚಿನ ಮೇಲೆ ಹೋಗಬೇಕು. ಮುರಿದ ಚೂರನ್ನು ಅಕ್ಕ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಹೀಗಾಗಿ ನಮ್ಮ ಮನೆಯಿಂದ ಹೊರಟ ಪ್ರತಿ ಕಟ್ಟಿನಲ್ಲೂ ಕೆಳಗಿನ ರೊಟ್ಟಿಗೆ ಒಂದು ಸಣ್ಣ ಕಚ್ಚು ಇರುತ್ತಿತ್ತು. ರಟ್ಟಿನ ಮರೆಯಲ್ಲಿ ಇರುವುದರಿಂದ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಸಂಜೆ ಅಕ್ಕ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಮುರದು ನೋಡಿದಿ?" ನಾನು "ನೋಡೇನಿ" ಅನ್ನಬೇಕು. ಅಷ್ಟಾದ ಮೇಲೆಯೇ ಊಟ.

ಆ ಜುಲೈ ತಿಂಗಳಲ್ಲಿ ಒಂದು ವಾರ ಬಿಡದೆ ಜಿಟಿಜಿಟಿ ಮಳೆ. ಅಕ್ಕ ಚರ್ಚಿನ ಹೆಣ್ಣುಮಕ್ಕಳ ಕೂಟಕ್ಕೆ ಅಂತ ಬೆಳಿಗ್ಗೆಯೇ ಧಾರವಾಡಕ್ಕೆ ಹೋದಳು. ಬುಟ್ಟಿಗಳು ಬಂದವು. ಆ ದಿನ ನನಗೆ ಯಾವ ಅವಸರವೂ ಇರಲಿಲ್ಲ. ಇದ್ದಿದ್ದರೆ ಹೇಳಿಕೊಳ್ಳಲು ಒಂದು ನೆಪವಾದರೂ ಸಿಗುತ್ತಿತ್ತು. ಅಕ್ಕ ಬರುವುದರೊಳಗೆ ನೂರಿಪ್ಪತ್ತು ಕಟ್ಟನ್ನೂ ಮುಗಿಸಿ ಸಾಲಾಗಿ ಜೋಡಿಸಿಟ್ಟು, ಅವಳ ಮುಖ ನೋಡಬೇಕು ಅನ್ನುವುದಷ್ಟೇ ನನ್ನ ಆಸೆ. ಹರವಿ ಕಾಯುವುದು, ಮುರಿಯುವುದು ಎಲ್ಲ ಅಕ್ಕನ ವಿನಾಕಾರಣದ ಅತಿ ನೇಮ ಅಂತ ಒಳಗೊಳಗೇ ಅನ್ನಿಸುತ್ತಿತ್ತು. ಎಷ್ಟೋ ತಿಂಗಳಿಂದ ಒಂದೂ ಕಟ್ಟು ಬಾಗಿರಲಿಲ್ಲ. ಬುಟ್ಟಿಯಿಂದ ಎತ್ತಿದೆ, ರಟ್ಟು ಇಟ್ಟೆ, ಬಿಗಿದೆ. ಕೈಗೆ ರೊಟ್ಟಿ ಸ್ವಲ್ಪ ತಣ್ಣಗೆ ಹತ್ತಿತು. ಮಳೆಗಾಲ, ಎಲ್ಲವೂ ತಣ್ಣಗೇ ಇರುತ್ತದೆ ಅಂದುಕೊಂಡೆ.

ಅಕ್ಕ ಬಂದಳು, ಸಾಲು ನೋಡಿದಳು, ಹುಬ್ಬೇರಿಸಿದಳು. "ಏನವಾ, ಮಷೀನ ಜೋಡಿ ಲಗ್ನ ಆದಿ ಏನ?" ಅಂದಳು. ನಾನು ನಕ್ಕೆ. ಆಮೇಲೆ ಎಂದಿನ ಪ್ರಶ್ನೆ ಬಂತು.

"ಮುರದು ನೋಡಿದಿ?"

"ನೋಡೇನಿ."

ಹತ್ತು ಹನ್ನೆರಡು ದಿನಕ್ಕೆ ಸಾವಕಾರರು ಸ್ಕೂಟರಿನ ಮೇಲೆ ಬಂದರು. ಚೀಲದಿಂದ ನಾಲ್ಕು ಕಟ್ಟು ತೆಗೆದು ಮಷೀನಿನ ಮೇಲಿಟ್ಟರು. ಹಾಳೆ ಎಷ್ಟು ಚಂದ ಬಿಗಿದಿತ್ತು ಅಂದರೆ ಒಂದು ನೆರಿಗೆಯೂ ಇರಲಿಲ್ಲ. ಅದರೊಳಗೆ ರೊಟ್ಟಿಯ ಅಂಚಿಗೆ ಹಸಿರು ಬೂಸು, ರಟ್ಟಿನ ಮೇಲೆ ನೀರಿನ ಕಲೆ. ಪುಣೆಯಿಂದ ಎಲ್ಲ ವಾಪಸ್ ಬಂದಿವೆ ಅಂದರು. ಅವರು ಸಿಟ್ಟಿನ ಮನುಷ್ಯರಲ್ಲ, ಧ್ವನಿ ಏರಿಸಲಿಲ್ಲ. ತಪ್ಪು ರೊಟ್ಟಿ ಮಾಡಿದವರದೋ ಬಿಗಿದವರದೋ ಅಷ್ಟು ಹೇಳಿರಿ, ಇಬ್ಬರಲ್ಲಿ ಒಬ್ಬರನ್ನು ನಾನು ಬಿಡಬೇಕಾಗುತ್ತದೆ ಅಂದರು.

ಅಕ್ಕ ನನ್ನ ಕಡೆ ತಿರುಗಿದಳು. ಅದೇ ಪ್ರಶ್ನೆ ಕೇಳಿದಳು. ಈ ಸಲ ನನಗೆ ಯೋಚಿಸಲು ಸಮಯವಿತ್ತು. ಅವಳು ಕೇಳುವ ರೀತಿಯಲ್ಲೇ, ಇಲ್ಲ ಅಂದರೂ ನಡೆಯುತ್ತದೆ ಅನ್ನುವ ಜಾಗ ಇತ್ತು. ನಾನು ಅಂದೆ, "ಎಲ್ಲಾ ಮುರದು ನೋಡೇನಿ, ಅಕ್ಕ."

ಅಕ್ಕ ಸಾವಕಾರರಿಗೆ ಹೇಳಿದಳು: "ನನ್ನ ತಂಗಿ ನೋಡೇನಿ ಅಂದ್ರ ನೋಡಿರ್ತಾಳ್ರೀ."

ಹಾಗಾದರೆ ಅಮ್ಮಿನಬಾವಿಯವರೇ ಹಸಿ ರೊಟ್ಟಿ ಕಳಿಸಿದ್ದಾರೆ, ನಾಳೆ ಅವರಿಗೆ ಹೇಳುತ್ತೇನೆ ಅಂತ ಸಾವಕಾರರು ಹೊರಟರು. ಎರಡು ಕಟ್ಟು ನಮ್ಮಲ್ಲೇ ಬಿಟ್ಟರು.

ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅಕ್ಕ ಬ್ಲೇಡಿನಿಂದ ಹಾಳೆ ಸೀಳಿದಳು. ಕಟ್ಟನ್ನು ಬೋರಲು ಹಾಕಿ, ರಟ್ಟು ತೆಗೆದು, ಕೆಳಗಿನ ರೊಟ್ಟಿ ಎತ್ತಿದಳು. ಅದರ ಅಂಚಿನ ಮೇಲೆ ತೋರುಬೆರಳನ್ನು ನಿಧಾನವಾಗಿ ಒಂದು ಸುತ್ತು ಆಡಿಸಿದಳು. ಎಲ್ಲೂ ಬೆರಳು ನಿಲ್ಲಲಿಲ್ಲ. ಎರಡನೆಯ ಕಟ್ಟನ್ನೂ ಹಾಗೇ ನೋಡಿದಳು. ಆಮೇಲೆ ಎರಡನ್ನೂ ಹಾಳೆಯಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿ, ಕೈ ತೊಳೆದುಕೊಂಡು, "ಚಾ ಇಟ್ಟಿ ಏನ?" ಅಂದಳು. ನಾನು ಇಟ್ಟೆ. ಅವಳು ಬೈಯಲಿ ಅಂತ ಕಾಯುತ್ತಾ ಚಹಾ ಸೋಸಿದೆ. ಅವಳು ಕುಡಿದು ನೋಟ್‌ಬುಕ್ಕು ಬಿಗಿಯಲು ಕೂತಳು.

ಮರುದಿನ ಮೊದಲ ಬಸ್ಸಿಗೆ ಅಮ್ಮಿನಬಾವಿಗೆ ಹೋದಳು. ಯಾಕೆ ಅಂತ ಹೇಳಲಿಲ್ಲ. ಆ ವಾರದಿಂದ ನಮ್ಮ ಮನೆಗೆ ರೊಟ್ಟಿಯ ಬುಟ್ಟಿ ಬರುವುದು ನಿಂತಿತು. ನನ್ನ ಸುಳ್ಳಿನಿಂದ ಆ ಏಳೆಂಟು ಹೆಂಗಸರ ಕೆಲಸ ಹೋಯಿತು ಅಂತಲೇ ನಾನು ತಿಳಿದೆ. ಆಮೇಲಾಮೇಲೆ ಪೇಟೆಯ ಬೇರೆ ಕೆಲಸವೂ ಕಡಿಮೆಯಾಯಿತು. ಹೊಸ ಮಷೀನಿನವರು ಬಂದರು, ಅದಕ್ಕೇ ಇರಬೇಕು ಅಂದುಕೊಂಡೆ. ಚಮಚ, ಊದಿನಕಡ್ಡಿಯ ಮೇಲೆ ಅಕ್ಕ ಹೇಗೋ ದಿನ ನೂಕಿದಳು.

ಒಂದು ಮಾತ್ರ ಬದಲಾಯಿತು. "ನೋಡಿದಿ?" ಅಂತ ಅವಳು ಮತ್ತೆ ನನ್ನನ್ನು ಎಂದೂ ಕೇಳಲಿಲ್ಲ. ನಾನು ಬಿಗಿದಿಟ್ಟ ಪೆಟ್ಟಿಗೆಗಳನ್ನು ಜೋಡಿಸುವ ನೆಪದಲ್ಲಿ ತಾನೇ ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದಳು. ನನಗೆ ಕಾಣಬಾರದು ಅಂತ ಬೆನ್ನು ಮಾಡಿ ಕೂರುತ್ತಿದ್ದಳು. ಬೈದಿದ್ದರೆ ಒಂದು ದಿನದ ನೋವು. ಇದು ವರ್ಷಗಟ್ಟಲೆ ನಡೆಯಿತು. ಉಳಿದದ್ದರಲ್ಲಿ ಅವಳು ಮೊದಲಿನ ಅಕ್ಕನೇ. ಹೊಸ ಹಾಳೆ ಬಂದರೆ ಚೌಕ ಬರೆದು ಕುಗ್ಗಿಸಿ ನನ್ನನ್ನು ಕರೆಯುತ್ತಿದ್ದಳು, ನನ್ನ ತಟ್ಟೆಗೆ ಮೊದಲು ಬಡಿಸುತ್ತಿದ್ದಳು.

ಹೋದ ವರ್ಷ ಅವಳಿಗೆ ಮೂತ್ರಪಿಂಡದ ಕಾಯಿಲೆ ಜೋರಾಯಿತು. ಆಸ್ಪತ್ರೆಯಲ್ಲಿ ಹದಿನೆಂಟು ದಿನ ನಾನೇ ಪಕ್ಕದಲ್ಲಿದ್ದೆ. ಹೇಳಲು ಅಷ್ಟು ದಿನ ಸಾಕಾಗಿತ್ತು. ಒಂದು ಮಧ್ಯಾಹ್ನ ಸಲಾಯಿನ್ ಬಾಟಲಿಯ ಮುಚ್ಚಳಕ್ಕೆ ಬಿಗಿದ ಹಾಳೆಯನ್ನು ನರ್ಸು ಕಿತ್ತೆಸೆದಾಗ, ಅಕ್ಕ ಅದನ್ನು ಎತ್ತಿಕೊಡು ಅಂದಳು. ಬೆರಳಲ್ಲಿ ಹಿಡಿದು ಬೆಳಕಿಗೆ ನೋಡಿ, "ಒಂದ ಕಡೆ ಎಳದದ್ದು" ಅಂದಳು. ಅವಳ ಮುಖ ಹಗುರಾಗಿತ್ತು. ಈಗ ಹೇಳಬೇಕು ಅಂತ, "ಅಕ್ಕ" ಅಂದೆ. ಅವಳು ನನ್ನ ಕಡೆ ನೋಡಿ ಕಾದಳು. ಬಹಳ ಹೊತ್ತು ಕಾದಳು. ನಾನು, "ನೀರು ಕೊಡಲೇನ?" ಅಂದೆ. ಅವಳು ಕಣ್ಣು ಮುಚ್ಚಿ, ಬೇಡ ಅಂತ ತಲೆ ಆಡಿಸಿದಳು. ನಾಲ್ಕು ದಿನಕ್ಕೆ ತೀರಿಕೊಂಡಳು.

ಅವಳನ್ನು ಮಣ್ಣು ಮಾಡಿದ ತಿಂಗಳಿಗೆ ನಾನು ಅಮ್ಮಿನಬಾವಿಯ ಬಸ್ಸು ಹತ್ತಿದೆ. ಕೆಲಸ ಕಳೆದುಕೊಂಡವರಿಗಾದರೂ ಹೇಳೋಣ ಅಂತ. ದೊಡ್ಡವ್ವನ ಮನೆ ಸಿಕ್ಕಿತು. ಪಡಸಾಲೆಯಲ್ಲಿ ನಾಲ್ಕು ಒಲೆ ಉರಿಯುತ್ತಿದ್ದವು. ರೊಟ್ಟಿ ಬಡಿಯುವ ಸಪ್ಪಳ ಓಣಿಯ ತುದಿಗೇ ಕೇಳುತ್ತಿತ್ತು. ಬುಟ್ಟಿಗಳು ತುಂಬಿದ್ದವು. ನನಗೆ ಏನೂ ತಿಳಿಯಲಿಲ್ಲ. ರೊಟ್ಟಿ ಯಾರಿಗೆ ಹೋಗುತ್ತವೆ ಅಂತ ಕೇಳಿದೆ. ಅದೇ ಸಾವಕಾರರಿಗೆ, ಎಂದೂ ನಿಂತಿಲ್ಲ ಅಂದಳು ದೊಡ್ಡವ್ವ.

ಆಮೇಲೆ ಅವಳೇ ಹೇಳಿದಳು. ಆವತ್ತು ಬೆಳಿಗ್ಗೆ ಅಕ್ಕ ಬಂದು ಇದೇ ಕಟ್ಟೆಯ ಮೇಲೆ ಕೂತು, ರೊಟ್ಟಿಯ ತಪ್ಪಲ್ಲ, ನಾನೇ ಅವಸರ ಮಾಡಿ ನೋಡದೆ ಬಿಗಿದೆ ಅಂದಳಂತೆ. ದೊಡ್ಡವ್ವನನ್ನು ಕರೆದುಕೊಂಡು ಅದೇ ದಿನ ಪೇಟೆಗೆ ಹೋಗಿ, ಸಾವಕಾರರ ಮುಂದೆಯೂ, ತಂಗಿ ನೋಡಿದ್ದು ಬೇರೆ ಕಟ್ಟು, ಕೆಟ್ಟವನ್ನು ಬಿಗಿದವಳು ನಾನು ಅಂತ ಹೇಳಿದಳಂತೆ. ಅವರು ರೊಟ್ಟಿ ಇಟ್ಟುಕೊಂಡು ಅಕ್ಕನನ್ನು ಬಿಟ್ಟರು.

"ಅಂಥ ಹೆಣ್ಣಮಗಳು ಹಂಗ್ಯಾಕ ಮಾಡಿದ್ಲೋ ಅಂತ ನನಗ ಇವತ್ತಿಗೂ ತಿಳೀವಲ್ದು ನೋಡವಾ" ಅಂದಳು ದೊಡ್ಡವ್ವ.

"ಆಕಿ ಅಲ್ರೀ ದೊಡ್ಡವ್ವ, ನಾನು. ನಾನ ಮುರದು ನೋಡಲಿಲ್ಲ. ನೋಡೇನಿ ಅಂತ ಸುಳ್ಳು ಹೇಳಿದೆ."

ಅವಳ ಕೈ ಹಿಟ್ಟಿನ ಮೇಲೆಯೇ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕಮರಿ ವಾಸನೆ ಬಂದಾಗ ಅದನ್ನು ತಿರುವಿ ಹಾಕಿದಳು. ನನ್ನನ್ನು ನೋಡದೆ ಹೇಳಿದಳು: "ನನ್ನ ಮುಂದ ಹೇಳಿ ಏನ ಮಾಡ್ತಿ? ನನ್ನ ರೊಟ್ಟಿ ಹೆಸರು ಆಕಿ ಆವತ್ತ ಉಳಿಸಿ ಹೋಗ್ಯಾಳ. ಕೆಟ್ಟದ್ದು ಆಕಿ ಹೆಸರು. ಎಲ್ಲಿ ಕೆಟ್ಟೈತಿ ಅಲ್ಲಿ ಹೋಗಿ ಹೇಳು."

ಅಲ್ಲಿಂದ ನೇರ ಪೇಟೆಗೆ ಬಂದೆ. ಸಾವಕಾರರು ಗಲ್ಲೆಯ ಹಿಂದೆ ಕೂತಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೂರು ಮಂದಿ ಗಿರಾಕಿಗಳಿದ್ದರು. ಅವರು ಹೋಗಲಿ ಅಂತ ಮೊದಲು ಕಾದೆ, ಆಮೇಲೆ ಕಾಯಲಿಲ್ಲ. ನಾನು ಯಾರು ಅಂತ ಹೇಳಿದೆ, ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅಕ್ಕ ಹೆಂಗಿದ್ದಾರೆ ಅಂತ ಕೇಳಿದರು. ಇಲ್ಲ ಅಂದೆ. ಸಣ್ಣ ಧ್ವನಿಯಲ್ಲಿ ಅಂದರು: "ಆಕಿ ಕಡೆ ಕೆಲಸ ಕೊಡಬ್ಯಾಡ್ರಿ ಅಂತ ನಾ ಈ ಲೈನ್‌ನ್ಯಾಗ ಎಷ್ಟ ಮಂದಿಗೆ ಹೇಳೇನಿ ಗೊತ್ತೈತೇನವಾ? ಈಗ ಅವರಿಗೆಲ್ಲಾ ಏನಂತ ಹೇಳ್ಲಿ?"

"ಇದನ್ನ ಹೇಳ್ರಿ" ಅಂದೆ. ಹೊಸ ಮಷೀನಿನವರು ಬಂದದ್ದಕ್ಕೆ ನಮ್ಮ ಕೆಲಸ ಹೋಯಿತು ಅಂತ ನಂಬಿಕೊಂಡಿದ್ದೆನಲ್ಲ, ಅದೂ ಆವತ್ತು ಹೋಯಿತು. ಅವರು ಹೇಳಿದರೋ ಇಲ್ಲವೋ ನನಗೆ ತಿಳಿಯದು. ಅದಕ್ಕಾಗಿ ನಾನೂ ಹೀಗೆ ಬರೆದು ಇಡುತ್ತಿದ್ದೇನೆ. ಇದನ್ನು ಓದುವವರಲ್ಲಿ ಆ ಪೇಟೆಯವರು ಯಾರಾದರೂ ಇದ್ದರೆ ತಿಳಿಯಲಿ: ನನ್ನ ಅಕ್ಕ ನೋಡದೆ ಏನನ್ನೂ ಬಿಗಿದವಳಲ್ಲ.

ಹೊರಡುವಾಗ ಅಂಗಡಿಯ ಕಪಾಟಿನಲ್ಲಿದ್ದ ಅಮ್ಮಿನಬಾವಿ ರೊಟ್ಟಿಯ ಒಂದು ಕಟ್ಟು ಕೊಂಡೆ. ಈಗ ಬೇರೆ ಯಾರೋ ಬಿಗಿಯುತ್ತಾರೆ. ಹಾಳೆ ಚೆನ್ನಾಗಿತ್ತು, ಮೊಲದ ಕಿವಿ ಎಲ್ಲೂ ಇರಲಿಲ್ಲ. ಮನೆಗೆ ಬಂದು ಅಕ್ಕನ ಮಷೀನಿನ ಮೇಲಿಟ್ಟು ಸೀಳಿದೆ. ಬೋರಲು ಹಾಕಿ ಕೆಳಗಿನ ರೊಟ್ಟಿ ಎತ್ತಿ, ಅಂಚಿನ ಮೇಲೆ ಬೆರಳು ಆಡಿಸಿದೆ. ಸುತ್ತಲೂ ನುಣ್ಣಗಿತ್ತು. ಉಗುರಿನಷ್ಟು ಮುರಿದೆ. ಟಕ್ ಅಂದಿತು. ಚೂರನ್ನು ಬಾಯಿಗೆ ಹಾಕಿಕೊಂಡೆ.

ಎಷ್ಟು ಸಣ್ಣ ಕೆಲಸ. ಒಂದು ಉಸಿರಿನಷ್ಟೂ ಹೊತ್ತು ಹಿಡಿಯಲಿಲ್ಲ.